‘ರೆಫರ್ ಮಾಡ್ಯಾರ’ ಅಂದರೆ ಎಲ್ಲಿಗೆ?

ಓದು ಬರಹ ಗೊತ್ತಿಲ್ಲದ ನಮ್ಮೂರ ಆಯಿಗಳಿಗೂ ಚೆನ್ನಾಗಿ ಗೊತ್ತಿರುವ ಇಂಗ್ಲಿಷ್ ಪದವೊಂದಿದೆ. ಅದು ‘ರೆಫರ್’. ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲೋ ಯಲಬುರ್ಗಾದ ಚಹಾದಂಗಡಿಯ ಮುಂದೋ ಅರ್ಧ ತಾಸು ನಿಂತರೆ ಈ ಪದ ಕಿವಿಗೆ ಬಿದ್ದೇ ಬೀಳುತ್ತದೆ.

‘ಹೆಂಗ ಅದಾರ ಈಗ ನಿಮ್ಮಪ್ಪಾರು?’

‘ರೆಫರ್ ಮಾಡ್ಯಾರಪಾ.’

‘ಎಲ್ಲಿಗಿ?’

‘ಮೊದ್ಲ ಕೊಪ್ಪಳ ಅಂದ್ರು. ಅಲ್ಲಿ ಹೋದ್ರ ಹುಬ್ಬಳ್ಳಿಗೆ ಒಯ್ರಿ ಅಂದ್ರು.’

ಡಾಕ್ಟರು ಚೀಟಿಯ ಮೇಲೆ ಅರ್ಧ ನಿಮಿಷದಲ್ಲಿ ಬರೆಯುವ ಪದ ಅದು. ಆದರೆ ಮನೆಯೊಳಗೆ ಅದರ ಲೆಕ್ಕ ರಾತ್ರಿಯಿಡೀ ನಡೆಯುತ್ತದೆ. ಗಾಡಿ ಯಾರದು? ಜತೆಗೆ ಯಾರು ಹೋಗಬೇಕು? ಎಮ್ಮೆ ಹಿಂಡುವವರು ಯಾರು? ಕಿತ್ತು ಹಾಕಿದ ಶೇಂಗಾ ಹೊಲದಲ್ಲೇ ಬಿದ್ದಿದೆ, ಅದರ ಗತಿಯೇನು? ಕೈಗಡ ಕೊಡುವವರು ಯಾರು? ಚಿಕಿತ್ಸೆ ಉಚಿತ ಇದ್ದರೂ ಈ ಪ್ರಶ್ನೆಗಳಿಗೆ ಯಾವ ಕಾರ್ಡಿನಲ್ಲೂ ಉತ್ತರವಿಲ್ಲ.

ಆರೋಗ್ಯ ವ್ಯವಸ್ಥೆ ಅಂದ ಕೂಡಲೇ ನಾವು ಯುವಕರು ದೊಡ್ಡ ಕಟ್ಟಡಗಳ ಬಗ್ಗೆ ಮಾತಾಡಲು ಶುರು ಮಾಡುತ್ತೇವೆ. ಸೂಪರ್ ಸ್ಪೆಷಾಲಿಟಿ ಬೇಕು, ಏಮ್ಸ್ ಬೇಕು ಅನ್ನುತ್ತೇವೆ. ಪಕ್ಕದ ರಾಯಚೂರಿನಲ್ಲಿ ಏಮ್ಸ್‌ಗಾಗಿ 2022ರಲ್ಲಿ ಶುರುವಾದ ಧರಣಿ ವರ್ಷಗಟ್ಟಲೆ ನಡೆಯಿತು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ರೆಫರ್ ಚೀಟಿ ಶುರುವಾಗುವುದು ಏಮ್ಸ್‌ನಲ್ಲಲ್ಲ. ಅದು ಶುರುವಾಗುವುದು ನಮ್ಮೂರ ಉಪಕೇಂದ್ರದ ಬಾಗಿಲಲ್ಲಿ. ಆ ಬಾಗಿಲು ತೆರೆದಿತ್ತೋ ಇಲ್ಲವೋ, ಒಳಗೆ ಯಾರಾದರೂ ಇದ್ದರೋ ಇಲ್ಲವೋ ಅನ್ನುವುದರ ಮೇಲೆ ಅರ್ಧ ಕಥೆ ಆಗಲೇ ಮುಗಿದಿರುತ್ತದೆ. ಕೊಪ್ಪಳದ ಲೈಬ್ರರಿಯಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನಂಥವರಿಗೆ ಈ ವಿಷಯ ಸಾಮಾನ್ಯ ಅಧ್ಯಯನದ ಒಂದು ಪುಟ ಮಾತ್ರ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದ ದಿನ ಅದು ಪುಟವಾಗಿ ಉಳಿಯುವುದಿಲ್ಲ.

ಕಾಗದದ ಮೇಲೆ ಏಣಿ ಸರಿಯಾಗಿಯೇ ಇದೆ. ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ, 5 ಸಾವಿರ ಜನಕ್ಕೊಂದು ಉಪಕೇಂದ್ರ, 30 ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1.20 ಲಕ್ಷಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ, ಮೇಲೆ ತಾಲ್ಲೂಕು ಆಸ್ಪತ್ರೆ, ಅದರ ಮೇಲೆ ಜಿಲ್ಲಾ ಆಸ್ಪತ್ರೆ. ಬಯಲುಸೀಮೆಗೆ ಸರ್ಕಾರ ಇಟ್ಟುಕೊಂಡಿರುವ ಅಳತೆ ಇದು. ನಮ್ಮ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕು ಆಗ. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಸೇರಿದವು. 2011ರ ಜನಗಣತಿಯಲ್ಲಿ ನಾವು 13.89 ಲಕ್ಷ ಜನ ಇದ್ದೆವು. ಇಷ್ಟು ಜನರಿರುವ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ, 150 ಸೀಟುಗಳೊಂದಿಗೆ. ಅಲ್ಲಿಯವರೆಗೆ ದೊಡ್ಡ ಕಾಯಿಲೆ ಅಂದರೆ ಹುಬ್ಬಳ್ಳಿಯ ಕಿಮ್ಸ್, ಇಲ್ಲವೇ ಬಳ್ಳಾರಿಯ ವಿಮ್ಸ್. ಎರಡಕ್ಕೂ ಈಗ ಹೊಸ ಹೆಸರು ಬಂದಿದೆ. ಜನ ಮಾತ್ರ ಹಳೆಯ ಹೆಸರನ್ನೇ ಹಿಡಿದುಕೊಂಡಿದ್ದಾರೆ.

ನಾಲ್ಕು ತಾಲ್ಲೂಕು ಒಂದೇ ಜಿಲ್ಲೆಯಲ್ಲಿದ್ದರೂ ಒಂದೇ ಥರ ಇಲ್ಲ. ಗಂಗಾವತಿ ತುಂಗಭದ್ರಾ ಕಾಲುವೆಯ ನೀರು ಕುಡಿದ ಊರು, ಭತ್ತದ ಕಣಜ. ಅಲ್ಲಿ ದುಡ್ಡು ಓಡಾಡುತ್ತದೆ, ಹಾಗಾಗಿ ಖಾಸಗಿ ನರ್ಸಿಂಗ್ ಹೋಮ್‌ಗಳೂ ಸಾಲಾಗಿ ನಿಂತಿವೆ. ಅಲ್ಲಿನ ಸರ್ಕಾರಿ ಉಪವಿಭಾಗ ಆಸ್ಪತ್ರೆಗೆ ಕಾರಟಗಿ, ಕನಕಗಿರಿ ಕಡೆಯ ಗರ್ಭಿಣಿಯರು ಹುಡುಕಿಕೊಂಡು ಬರುತ್ತಾರೆ. ಕುಷ್ಟಗಿ, ಯಲಬುರ್ಗಾದ ಕಥೆ ಬೇರೆ. ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಕವಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಈ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಮಳೆ ನಂಬಿದ ಬೇಸಾಯ, ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು. ಹಳದಿಗಟ್ಟಿದ ಹಲ್ಲು ನೋಡಿಯೇ ‘ಯಾವ ಕಡೆಯವರು’ ಎಂದು ಹೇಳಿಬಿಡುವವರಿದ್ದಾರೆ. ಸುಗ್ಗಿ ಮುಗಿದರೆ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ.

ಗುಳೆ ಅಂದರೆ ಬರೀ ಮನೆಗೆ ಬೀಗ ಹಾಕಿ ಹೋಗುವುದಲ್ಲ. ಮಗುವಿಗೆ ಮುಂದಿನ ಲಸಿಕೆ ತಪ್ಪುತ್ತದೆ, ಗರ್ಭಿಣಿಯ ತಾಯಿ ಕಾರ್ಡ್ ಟ್ರಂಕಿನಲ್ಲೇ ಉಳಿಯುತ್ತದೆ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಸಿಗುವ ಬಿಸಿಯೂಟ, ಕಟ್ಟಡ ಕೆಲಸದ ಜಾಗದಲ್ಲಿ ಹಾಕಿಕೊಂಡ ತಗಡಿನ ಶೆಡ್ಡಿಗೆ ಬರುವುದಿಲ್ಲ. ನಮ್ಮೂರ ಆಶಾ ಅಕ್ಕನ ನೋಟ್‌ಬುಕ್ ಒಮ್ಮೆ ತೆರೆದು ನೋಡಿದ್ದೆ. ಹೆಸರಿನ ಮುಂದೆ ಪೆನ್ಸಿಲಿನಲ್ಲಿ ‘ಬೆಂ’, ‘ಮಂ’, ‘ಗೋ’ ಎಂದು ಬರೆದುಕೊಂಡಿದ್ದರು. ಯಾರು ಯಾವೂರಿಗೆ ದುಡಿಯಲು ಹೋಗಿದ್ದಾರೆ, ಯಾರ ದಿನ ತುಂಬುವುದು ಯಾವಾಗ ಅನ್ನುವ ಲೆಕ್ಕ ಅದು. ಅವರು ಆ ಊರುಗಳಿಗೆ ಫೋನ್ ಮಾಡಿ ‘ಮಾತ್ರೆ ತಗೊಂಡ್ಯೇನವಾ’ ಎಂದು ಕೇಳುತ್ತಾರೆ. ಫೋನಿನ ದುಡ್ಡು ಅವರದೇ. 2005ರಲ್ಲಿ ಶುರುವಾದ ಈ ಆಶಾ ಪಡೆಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಗೌರವ ನೀಡಿತು. ಗೌರವಧನಕ್ಕಾಗಿ ಮಾತ್ರ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಬೇಕಾಗುತ್ತದೆ.

ಈಗ ನಮ್ಮ ಮನೆಯ ವಿಷಯ ಹೇಳುತ್ತೇನೆ. ಮೂರು ವರ್ಷದ ಹಿಂದೆ ನನ್ನ ಅಕ್ಕನಿಗೆ ಎರಡನೇ ಹೆರಿಗೆ. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಕೂಸಿನ ತೂಕ 1,650 ಗ್ರಾಂ. ನಮ್ಮ ಜಿಲ್ಲೆಯಲ್ಲಿ ಇದೇನು ವಿಶೇಷ ಸುದ್ದಿಯಲ್ಲ. ರಕ್ತ ಕಡಿಮೆಯಿರುವ ತಾಯಂದಿರು, ಬೇಗ ಆದ ಮದುವೆ, ಎರಡು ಹೆರಿಗೆಯ ನಡುವೆ ಸಾಲದ ಅಂತರ, ಎಂಟು ತಿಂಗಳಾದರೂ ಬಿಡದ ಹೊಲದ ಕೆಲಸ ಎಲ್ಲವೂ ಸೇರಿ ಸಣ್ಣ ಕೂಸುಗಳು ಹುಟ್ಟುತ್ತವೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ಕೊಪ್ಪಳ ಜಿಲ್ಲೆಯ 5 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ.

ಅಕ್ಕನ ಕೂಸನ್ನೂ ಎಲ್ಲಿಗಾದರೂ ರೆಫರ್ ಮಾಡುತ್ತಾರೆ ಎಂದೇ ನಾವೆಲ್ಲ ತಯಾರಾಗಿದ್ದೆವು. ಭಾವ ಗಾಡಿಯನ್ನೂ ಹೇಳಿಯಾಗಿತ್ತು. ಆಗ ವಾರ್ಡಿನ ಸಿಸ್ಟರ್ ಬಂದು, ‘ಕೂಸು ಉಸಿರಾಡಾಕತ್ತೈತಿ, ಹಾಲೂ ಎಳೀತೈತಿ. ಇದನ್ನ ಎಲ್ಲಿಗೂ ಒಯ್ಯೂದು ಬ್ಯಾಡ. ಅವ್ವನ ಎದಿಮ್ಯಾಗ ಹಾಕೂಣು’ ಅಂದರು. ಕೂಸಿನ ಬಟ್ಟೆ ತೆಗೆದು, ತಲೆಗೊಂದು ಕುಲಾಯಿ, ಕಾಲಿಗೆ ಸಾಕ್ಸ್ ಅಷ್ಟೇ ಉಳಿಸಿ, ಅಕ್ಕನ ಎದೆಗೆ ಕಪ್ಪೆಯ ಹಾಗೆ ಅಂಟಿಸಿ, ಮೇಲೊಂದು ಬಟ್ಟೆ ಸುತ್ತಿ ಕಟ್ಟಿದರು. ದಿನಕ್ಕೆ ಕನಿಷ್ಠ 8 ತಾಸು ಹೀಗೇ ಇರಬೇಕು, ಎದೆಹಾಲು ಬಿಟ್ಟು ಬೇರೇನೂ ಹಾಕಬಾರದು ಎಂದರು.

ಅಕ್ಕನ ಅತ್ತೆಗೆ ಸಿಟ್ಟೇ ಬಂತು. ನಮ್ಮ ಕಡೆ ಕೂಸಿಗೆ ಕುಂಚಿಗಿ ಹಾಕಿ, ದುಪ್ಪಟಿ ಸುತ್ತಿ, ಬಾಣಂತಿಯನ್ನು ಬೆಂಕಿಯ ಹತ್ತಿರ ಕತ್ತಲೆ ಕೋಣೆಯಲ್ಲಿ ಇಡುವುದು ವಾಡಿಕೆ. ‘ಬರಿಮೈಲೆ ಇಟ್ರ ಕೂಸು ಥಂಡಿ ಹಿಡಿದು ಸಾಯ್ತೈತಿ’ ಎಂದು ಜಗಳಕ್ಕೆ ನಿಂತರು. ಸಿಸ್ಟರ್ ಜಗಳವಾಡಲಿಲ್ಲ. ಥರ್ಮಾಮೀಟರ್ ತಂದು, ಎದೆಗೆ ಹಾಕುವ ಮೊದಲು ಒಮ್ಮೆ, ಒಂದು ತಾಸಾದ ಮೇಲೆ ಒಮ್ಮೆ ಕೂಸಿನ ಮೈ ಬಿಸಿ ನೋಡಿ ಅತ್ತೆಯ ಕೈಗೇ ಕೊಟ್ಟರು. ಓದಲು ಬಾರದ ಅತ್ತೆ ಕೂಸಿನ ಅಂಗಾಲು ಮುಟ್ಟಿ ನೋಡಿ ಸುಮ್ಮನಾದರು. ಮೂರನೇ ದಿನ ಅಕ್ಕನಿಗೆ ಬೆನ್ನು ನೋವು ಬಂದಾಗ ಭಾವನೇ ಅಂಗಿ ಬಿಚ್ಚಿ ಕೂಸನ್ನು ಎದೆಗೆ ಕಟ್ಟಿಕೊಂಡು ಕುಳಿತ. ಅದನ್ನು ನೋಡಲು ಪಕ್ಕದ ವಾರ್ಡಿನಿಂದಲೂ ಜನ ಬಂದಿದ್ದರು! ಆ ಕೂಸು ಈಗ ನನ್ನ ಮೊಬೈಲಿನ ಚಾರ್ಜರ್ ವೈರು ಕಡಿಯುವಷ್ಟು ಗಟ್ಟಿಯಾಗಿದೆ.

ಇದಕ್ಕೆ ‘ಕಾಂಗರೂ ಮದರ್ ಕೇರ್’ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ, ಬೊಗೋಟಾ ನಗರದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೇ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ಹುಡುಕಿಕೊಂಡ ದಾರಿ. ಆಮೇಲೆ ಓದುತ್ತಾ ಹೋದಾಗ ನನಗೆ ತಿಳಿದ ಸಂಗತಿ, ನಮ್ಮ ಕೊಪ್ಪಳಕ್ಕೂ ಈ ಕಥೆಯಲ್ಲಿ ಜಾಗವಿದೆ. ಒಂದಿಡೀ ಜಿಲ್ಲೆಯ ಎಲ್ಲ ಸಣ್ಣ ಕೂಸುಗಳಿಗೂ ಈ ಆರೈಕೆ ಸಿಗುವಂತೆ ಮಾಡಲು ಸಾಧ್ಯವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯಾ ಮತ್ತು ಭಾರತದಲ್ಲಿ ಪ್ರಯೋಗ ನಡೆಸಿತು. ಭಾರತದಲ್ಲಿ ಹರಿಯಾಣ, ಉತ್ತರ ಪ್ರದೇಶದ ಜತೆ ಕರ್ನಾಟಕವನ್ನು ಆರಿಸಿಕೊಂಡರು. ಕರ್ನಾಟಕದಲ್ಲಿ ಆರಿಸಿದ್ದು ಕೊಪ್ಪಳವನ್ನು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಸರ್ಕಾರ ಸೇರಿ ಇಲ್ಲಿನ ಆಸ್ಪತ್ರೆಗಳ ನರ್ಸ್‌ಗಳಿಗೆ, ಆಶಾಗಳಿಗೆ ತರಬೇತಿ ಕೊಟ್ಟರು. ಹೊಸ ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಯಿಗೆ ಕೂರಲು ಜಾಗ, ಹೊದೆಯಲು ಬಟ್ಟೆ, ಮತ್ತು ಹತ್ತು ಸಲ ಬಂದು ‘ಹಿಂಗಲ್ಲವಾ, ಹಿಂಗ’ ಎಂದು ತೋರಿಸುವ ಒಬ್ಬ ನರ್ಸ್.

2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ಪಾಠ ಎದ್ದು ಕಂಡಿತು. ಕೂಸು ಆಸ್ಪತ್ರೆಯಲ್ಲಿರುವಾಗ ಆರೈಕೆ ಚೆನ್ನಾಗಿ ನಡೆಯುತ್ತದೆ. ಮನೆಗೆ ಹೋದ ಒಂದು ವಾರಕ್ಕೆ ನಮ್ಮ ಜಿಲ್ಲೆಯಲ್ಲಿ ಅದು ಇಳಿದುಬಿಟ್ಟಿತ್ತು. ಯಾಕೆ ಎಂದು ನನಗೆ ಯಾರೂ ವಿವರಿಸಬೇಕಿಲ್ಲ. ಮನೆಗೆ ಬಂದ ಕೂಡಲೇ ಒಲೆ, ಬಟ್ಟೆ, ನೀರು, ಮೊದಲ ಮಗು ಎಲ್ಲವೂ ತಾಯಿಯ ತಲೆಗೇ ಬರುತ್ತವೆ. ಎಂಟು ತಾಸು ಕೂರಲು ಬಿಡುವವರು ಯಾರು? ಆಗ ಬಾಗಿಲಿಗೆ ಬಂದು ಅತ್ತೆಯ ಮುಂದೆ ನಿಂತು ಮಾತಾಡಬೇಕಾದದ್ದು ಉಪಕೇಂದ್ರದ ಸಿಸ್ಟರ್, ಆಶಾ ಅಕ್ಕ. ಆಸ್ಪತ್ರೆ ಎಷ್ಟೇ ದೊಡ್ಡದಿದ್ದರೂ ಆ ಬಾಗಿಲವರೆಗೆ ಅದರ ಕೈ ಚಾಚುವುದಿಲ್ಲ.

ಇನ್‌ಕ್ಯುಬೇಟರ್ ಇಲ್ಲದವರ ಉಪಾಯ ಎಂದು ಇದನ್ನು ಹಗುರವಾಗಿ ನೋಡುವವರಿಗೆ ಆಫ್ರಿಕಾದಿಂದಲೂ ಒಂದು ಉತ್ತರ ಬಂದಿದೆ. ಘಾನಾ, ನೈಜೀರಿಯಾ, ಮಲಾವಿ, ತಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳಲ್ಲಿ 3,211 ಸಣ್ಣ ಕೂಸುಗಳ ಮೇಲೆ ನಡೆದ ಅಧ್ಯಯನವೂ 2021ರಲ್ಲೇ ಪ್ರಕಟವಾಯಿತು. ಹುಟ್ಟಿದ ಕೂಡಲೇ ಎದೆಗೆ ಹಾಕಿದ ಕೂಸುಗಳಲ್ಲಿ ಶೇ 12 ತೀರಿಕೊಂಡವು. ಮೊದಲು ಯಂತ್ರದಲ್ಲಿಟ್ಟು, ಸುಧಾರಿಸಿದ ಮೇಲೆ ಎದೆಗೆ ಹಾಕಿದವುಗಳಲ್ಲಿ ಶೇ 15.7. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನೇ ಬದಲಾಯಿಸಿತು.

ಆ ಐದರಲ್ಲಿ ಘಾನಾದ ಹೆಸರು ಕಂಡಾಗ ನನ್ನ ಕುತೂಹಲ ಹೆಚ್ಚಿತು. ಪಶ್ಚಿಮ ಆಫ್ರಿಕಾದ ಆ ದೇಶದ ನಕ್ಷೆ ನೋಡಿದರೆ ನಮ್ಮ ರಾಜ್ಯದ ನಕ್ಷೆಯೇ ನೆನಪಾಗುತ್ತದೆ. ದಕ್ಷಿಣದಲ್ಲಿ ರಾಜಧಾನಿ ಅಕ್ರಾ, ಸಮುದ್ರ, ಕೋಕೋ ತೋಟ, ದೊಡ್ಡ ಆಸ್ಪತ್ರೆಗಳು. ಉತ್ತರದಲ್ಲಿ ಒಣಭೂಮಿ, ಸಜ್ಜೆ, ಜೋಳ, ಶೇಂಗಾ, ಮತ್ತು ದಕ್ಷಿಣಕ್ಕೆ ದುಡಿಯಲು ಹೋಗುವ ಜನ. ಆ ಉತ್ತರದ ತುದಿಯಲ್ಲಿ ನವ್ರೊಂಗೊ ಎಂಬ ಊರಿದೆ. 1990ರ ದಶಕದಲ್ಲಿ ಅಲ್ಲೊಂದು ಪ್ರಯೋಗ ನಡೆಯಿತು. ತಾಲ್ಲೂಕು ಕೇಂದ್ರದಲ್ಲಿ ಕುಳಿತಿದ್ದ ನರ್ಸ್‌ಗಳನ್ನು ಹಳ್ಳಿಗೇ ಕಳಿಸಿದರು. ಬೆಳಿಗ್ಗೆ ಬಂದು ಸಂಜೆ ಹೋಗಲಿಕ್ಕಲ್ಲ, ಅಲ್ಲೇ ಇರಲಿಕ್ಕೆ. ನರ್ಸ್ ಇರುವ ಮನೆ, ಔಷಧಿ ಕೊಡುವ ಕೋಣೆ ಎರಡನ್ನೂ ಊರವರೇ ಸೇರಿ ಮಣ್ಣಿನಿಂದ ಕಟ್ಟಿಕೊಟ್ಟರು. ನರ್ಸ್ ಮೋಟಾರ್ ಬೈಕಿನಲ್ಲಿ ಮನೆ ಮನೆ ಸುತ್ತಿದರು. ಮೂರು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಮಕ್ಕಳ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. 1999ರಲ್ಲಿ ಘಾನಾ ಇದನ್ನೇ ಇಡೀ ದೇಶದ ನೀತಿ ಮಾಡಿಕೊಂಡಿತು. 2003ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆಗೆ ಕಾಯ್ದೆಯನ್ನೂ ತಂದಿತು.

ಹಾಗಂತ ಅಲ್ಲಿ ಎಲ್ಲ ಸುಖವಾಗಿದೆ ಎಂದಲ್ಲ. ಘಾನಾ ತಯಾರು ಮಾಡಿದ ನರ್ಸ್‌ಗಳನ್ನು ಬ್ರಿಟನ್ ಎಳೆದುಕೊಳ್ಳುತ್ತದೆ. ಆರೋಗ್ಯ ಸಿಬ್ಬಂದಿಯ ಕೊರತೆ ತೀವ್ರವಾಗಿರುವ, ಬೇರೆ ದೇಶಗಳು ಹೋಗಿ ನೇಮಕ ಮಾಡಿಕೊಳ್ಳಬಾರದ 55 ದೇಶಗಳ ಪಟ್ಟಿಯಲ್ಲಿ 2023ರಲ್ಲಿ ಅದರ ಹೆಸರೂ ಇತ್ತು. ಇನ್ನೊಂದು ಕಡೆ, ತರಬೇತಿ ಮುಗಿಸಿದ ನರ್ಸ್‌ಗಳು ಸರ್ಕಾರದ ನೇಮಕಾತಿ ಆದೇಶಕ್ಕಾಗಿ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಹಳ್ಳಿಯಲ್ಲಿ ನರ್ಸ್ ಇಲ್ಲ, ಪಟ್ಟಣದಲ್ಲಿ ಕೆಲಸವಿಲ್ಲದ ನರ್ಸ್. ಓದುತ್ತಿದ್ದಂತೆ ನಮ್ಮ ಕೊಪ್ಪಳದ ಲೈಬ್ರರಿಯ ಬೆಂಚು ನೆನಪಾಯಿತು.

ಯಾಕೆಂದರೆ ಆ ಬೆಂಚಿನ ಮೇಲೆ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದವರು, ಫಾರ್ಮಸಿ ಓದಿದವರು ಎಲ್ಲರೂ ನನ್ನ ಜತೆ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಿದ್ದಾರೆ. ನಮಗೆ 371ಜೆ ಇದೆ. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ, 2013ರಿಂದ ಜಾರಿ. ಅದರ ಪ್ರಕಾರ ಕಲ್ಯಾಣ ಕರ್ನಾಟಕದ ‘ಎ’ ಮತ್ತು ‘ಬಿ’ ಗುಂಪಿನ ಹುದ್ದೆಗಳಲ್ಲಿ ಶೇ 75, ‘ಸಿ’ಯಲ್ಲಿ ಶೇ 80, ‘ಡಿ’ಯಲ್ಲಿ ಶೇ 85 ನಮ್ಮವರಿಗೆ. ಈ ಭಾಗದ ವೈದ್ಯಕೀಯ ಕಾಲೇಜುಗಳ ಸೀಟಿನಲ್ಲಿ ಶೇ 70. ಉಳಿದ ಕರ್ನಾಟಕದಲ್ಲಿ ಶೇ 8. ಈ ಅಂಕಿಗಳನ್ನು ನಾವು ಬಾಯಿಪಾಠ ಹೇಳುತ್ತೇವೆ. ಆದರೆ ಮೀಸಲಾತಿ ತುಂಬುವುದು ಅಧಿಸೂಚನೆ ಹೊರಟ ಹುದ್ದೆಯನ್ನು ಮಾತ್ರ. ಅಧಿಸೂಚನೆಯೇ ಹೊರಡದೆ ಖಾಲಿ ಬಿದ್ದ ಹುದ್ದೆಗೆ ಎಷ್ಟು ಶೇಕಡಾ ಮೀಸಲಿದ್ದರೇನು? 2018ರ ನಂತರ ಉಪಕೇಂದ್ರಗಳು ಕ್ಷೇಮ ಕೇಂದ್ರಗಳಾಗಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ ಹೆಸರು ಬದಲಿಸಿಕೊಂಡಿವೆ. ಅಲ್ಲಿ ಬಿಪಿ, ಶುಗರ್ ನೋಡಿ ಮಾತ್ರೆ ಕೊಡಲು ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳುತ್ತಾರೆ. ಗುತ್ತಿಗೆಯವರು ಕಾಯಂ ಹುದ್ದೆಯ ಕನಸಿನಲ್ಲಿ ಬೇರೆ ಪರೀಕ್ಷೆಗೆ ಓದುತ್ತಾರೆ. ಕಾಯಂ ಆದವರು ಪಟ್ಟಣಕ್ಕೆ ವರ್ಗಾವಣೆಗೆ ಓಡಾಡುತ್ತಾರೆ. ಇದರಲ್ಲಿ ಅವರನ್ನು ಬೈಯುವ ಹಕ್ಕು ನನಗಿದೆ ಎಂದು ಅನ್ನಿಸುವುದಿಲ್ಲ. ನಾನೂ ಓದುತ್ತಿರುವುದು ಊರು ಬಿಡಲಿಕ್ಕೇ ತಾನೆ?

ಮೇಲಿನ ಆಸ್ಪತ್ರೆಗಳೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಹಾಗೆ ಹೇಳಿದರೆ ತಪ್ಪಾಗುತ್ತದೆ. ಬಡವರಿಗೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಚಿಕಿತ್ಸೆ ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಯೋಜನೆ ಬಂದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಂದಿರದ ಪಕ್ಕದ ಹಳ್ಳಿಗಳನ್ನೂ ಹೋಲಿಸಿ ಸಂಶೋಧಕರು 2014ರಲ್ಲಿ ವರದಿ ಪ್ರಕಟಿಸಿದರು. ಆ ಕಾಯಿಲೆಗಳಿಂದ ಬಡಕುಟುಂಬಗಳಲ್ಲಿ ಆಗುವ ಸಾವು, ಯೋಜನೆ ಇದ್ದ ಕಡೆ ಶೇ 64ರಷ್ಟು ಕಡಿಮೆ ಇತ್ತು. ನಗರದ ದೊಡ್ಡ ಆಸ್ಪತ್ರೆಗೆ ನಮ್ಮವರು ತಲುಪಿದರೆ ಬದುಕುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ತಲುಪಿದ್ದು ಹೇಗೆ? ಆ ಯೋಜನೆಯವರು ಹಳ್ಳಿಗಳ ಕಡೆಗೇ ಬಂದು ಶಿಬಿರ ಹಾಕಿದ್ದರು. ಕಾಯಿಲೆಯವರನ್ನು ಅಲ್ಲೇ ಗುರುತಿಸಿ ಕರೆದೊಯ್ದರು. ಆಸ್ಪತ್ರೆಯಲ್ಲಿ ಕೈಹಿಡಿದು ದಾರಿ ತೋರಿಸಲು ಆರೋಗ್ಯಮಿತ್ರರು ಇದ್ದರು. ಇಲ್ಲೂ ಏಣಿಯ ಕೆಳಗೆ ಮನುಷ್ಯರು ನಿಂತಿದ್ದರು.

2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ತುರ್ತು ಅಲ್ಲದಿದ್ದರೆ ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇದು ಗೊತ್ತಿಲ್ಲದೆ ನೇರವಾಗಿ ಹುಬ್ಬಳ್ಳಿಗೋ ಇಳಕಲ್ಲಿಗೋ ಬಾಗಲಕೋಟೆಗೋ ಓಡಿ, ಸಾವಿರಗಟ್ಟಲೆ ಕಟ್ಟಿ, ಆಮೇಲೆ ಕಾರ್ಡ್ ತೋರಿಸಿದವರನ್ನು ನಾನೇ ನೋಡಿದ್ದೇನೆ. ಕಾಲೇಜಿನಲ್ಲಿ ಓದುತ್ತಿರುವ ನಾವು ಪ್ರತಿಯೊಬ್ಬರೂ ನಮ್ಮ ಓಣಿಯ ಹತ್ತು ಮನೆಗೆ ಇಷ್ಟು ಹೇಳಿದರೂ ಅದರ ಬೆಲೆ ಲಕ್ಷಗಳಲ್ಲಿದೆ. 108 ಆಂಬುಲೆನ್ಸ್ 2008ರ ನವೆಂಬರ್ 1ರಿಂದ ಓಡುತ್ತಿದೆ. ಹೆರಿಗೆಯಾದ ಮೇಲೆ ಬಾಣಂತಿಯನ್ನು ಮನೆಗೆ ಬಿಡಲು ನಗು-ಮಗು ವಾಹನವಿದೆ. ಕೇಳಿದವರಿಗೆ ಸಿಗುತ್ತದೆ. ಕೇಳಲು ಸಂಕೋಚಪಡುವವರು ಟಂಟಂ ಮಾಡಿಕೊಂಡು ಬರುತ್ತಾರೆ. 2025ರ ಮೇ ತಿಂಗಳಿಂದ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲೂ ಬಂದಿದೆ. ನಾನು ಹತ್ತಿದ ದಿನ ಬೋಗಿಯಲ್ಲಿ ಎಕ್ಸ್‌ರೇ ಕವರು ಹಿಡಿದವರು ಎಷ್ಟು ಜನ ಎಂದು ಎಣಿಸುತ್ತಾ ಹೋಗಿ ಕೊನೆಗೆ ಬಿಟ್ಟುಬಿಟ್ಟೆ.

ನನ್ನ ತಂಗಿ ಈಗ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅಕ್ಕನ ವಾರ್ಡಿನಲ್ಲಿ ಆ ಸಿಸ್ಟರ್‌ನ ಹಿಂದೆ ಹಿಂದೆಯೇ ತಿರುಗಿದವಳು ಅವಳು. ನವ್ರೊಂಗೊದ ಕಥೆ ಹೇಳಿ, ‘ನಮ್ಮೂರ ಉಪಕೇಂದ್ರದಾಗ ಪೋಸ್ಟಿಂಗ್ ಕೊಟ್ರ ಇರ್ತೀಯೇನು?’ ಎಂದು ಕೇಳಿದೆ. ದೊಡ್ಡ ಮಾತಿನ ಉತ್ತರ ಬರುತ್ತದೆ ಎಂದುಕೊಂಡಿದ್ದೆ. ಅವಳು ಕೇಳಿದ್ದು, ‘ಕ್ವಾರ್ಟರ್ಸಿನಾಗ ನೀರು ಬರ್ತೈತೇನು? ಬಚ್ಚಲಕ್ಕ ಬಾಗ್ಲ ಐತೇನು?’

ಹೋಗಿ ನೋಡಿದೆವು. ಕಟ್ಟಡ ಗಟ್ಟಿಯಾಗಿದೆ. ನಲ್ಲಿ ಇದೆ, ನೀರಿಲ್ಲ. ಮಲಗುವ ಕೋಣೆಯಲ್ಲಿ ಯಾರದೋ ಜೋಳದ ಚೀಲಗಳು. ಬಚ್ಚಲಿಗೆ ಬಾಗಿಲೇ ಇಲ್ಲ, ಚೌಕಟ್ಟು ಮಾತ್ರ ನಿಂತಿದೆ. ಈಗಿರುವ ಸಿಸ್ಟರ್ ತಾಲ್ಲೂಕು ಕೇಂದ್ರದಿಂದ ದಿನಾ ಎರಡು ಬಸ್ ಬದಲಿಸಿ ಬರುತ್ತಾರೆ. ಸಂಜೆ ಐದರ ಬಸ್ ತಪ್ಪಿದರೆ ಅವರಿಗೆ ಉಳಿಯಲು ಜಾಗವಿಲ್ಲ. ನಮ್ಮೂರಲ್ಲಿ ರಾತ್ರಿ ನೋವು ಬಂದ ಗರ್ಭಿಣಿಯ ಹತ್ತಿರ ಸಿಸ್ಟರ್ ಯಾಕಿರುವುದಿಲ್ಲ ಅನ್ನುವುದಕ್ಕೆ ಉತ್ತರ ಆ ಚೌಕಟ್ಟಿನಲ್ಲೇ ಇತ್ತು.

ಪ್ರತಿ ಹಳ್ಳಿಯಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದೊಂದಿದೆ. ವರ್ಷಕ್ಕೆ 10 ಸಾವಿರ ರೂಪಾಯಿವರೆಗೆ ಮುಕ್ತನಿಧಿ ಅದಕ್ಕೆ ಬರುತ್ತದೆ. ಪರೀಕ್ಷೆಗೆ ಓದುವಾಗ ನಾನಿದನ್ನು ನೋಟ್ಸ್ ಬರೆದುಕೊಂಡಿದ್ದೆ. ನಮ್ಮೂರ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದು ಮಾತ್ರ ಈಗ. ಬಡಿಗೇರ ಕಾಕಾನ ಕಡೆಯಿಂದ ಬಾಗಿಲಿನ ಅಳತೆ ತೆಗೆಸಿದ್ದೇವೆ. ಮರದ್ದು ಬೇಡ, ನೀರಿಗೆ ಕೊಳೆಯುತ್ತದೆ, ತಗಡಿನದ್ದಾದರೆ ಎರಡೂವರೆ ಸಾವಿರದಲ್ಲಿ ಆಗುತ್ತದೆ ಎಂದಿದ್ದಾರೆ. ಸಮಿತಿಯ ದುಡ್ಡಿನಲ್ಲಿ ಆಗದಿದ್ದರೆ ಪಟ್ಟಿ ಹಾಕೋಣ ಎಂದು ಗೆಳೆಯರು ಹೇಳುತ್ತಿದ್ದಾರೆ. ಜೋಳದ ಚೀಲಗಳು ಯಾರವು ಎಂದು ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ಮುಂದಿನ ತಿಂಗಳು ಗ್ರಾಮಸಭೆ ಇದೆ, ಅಲ್ಲಿ ಕೇಳುತ್ತೇವೆ.